ನೀರೊಳಗಿನ ವಿಡಿಯೊಗೆ ಕ್ಯಾಮೆರಾ ಮತ್ತು ಹೌಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿದ್ದು ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಮದುವೆ ಮತ್ತು ಸಭೆ ಸಮಾರಂಭಗಳ ವಿಡಿಯೊ ಮಾಡುವವನು. ಬಿಡುವು ಸಿಕ್ಕಾಗ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ದೂರವಿರುವ ನೇತ್ರಾಣಿ ದ್ವೀಪದ ಸುತ್ತ, ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದು ಡೈವ್ ಮಾಡುತ್ತೇನೆ. ಈ ಎರಡೂ ಸಂಗತಿ ತಿಳಿದ ಪರಿಚಿತರು ಕಲ್ಯಾಣ ಮಂಟಪದ ಊಟದ ಪಂಕ್ತಿಯಲ್ಲಿಯೂ ನೀರೊಳಗಿನ ಕ್ಯಾಮೆರಾದ ಬಗ್ಗೆ ವಿಚಾರಿಸುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಹೌಸಿಂಗ್ ಎಂದರೆ ಕ್ಯಾಮೆರಾಕ್ಕೆ ನೀರು ತಾಗದಂತೆ ಮುಚ್ಚುವ ಗಟ್ಟಿ ಕವಚ.

ಪ್ರಶ್ನೆ: ಮೊದಲ ಸಲ ಡೈವ್ ಮಾಡಲು ಹೋಗುತ್ತಿದ್ದೇನೆ. ಈಗಲೇ ಕ್ಯಾಮೆರಾ ಕೊಳ್ಳಬೇಕೇ?

ಬೇಡ. ತರಬೇತಿಯಿಲ್ಲದವರನ್ನು ಕರೆದೊಯ್ಯುವ ಪರಿಚಯ ಡೈವ್‌ನಲ್ಲಿ ಗರಿಷ್ಠ ಆಳ 12 ಮೀಟರ್ ಇರುತ್ತದೆ, ಬೋಧಕರು ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ, ನಿಮ್ಮ ಗಮನವೆಲ್ಲ ಬಾಯಿಯಿಂದ ಉಸಿರಾಡುವುದರ ಮೇಲೆ ಮತ್ತು ಕಿವಿಯ ಒತ್ತಡ ಬಿಡಿಸಿಕೊಳ್ಳುವುದರ ಮೇಲೆ ಇರಬೇಕಾಗುತ್ತದೆ. ಆ ಹೊತ್ತಿನ ವಿಡಿಯೊವನ್ನು ಸಾಮಾನ್ಯವಾಗಿ ಅವರ ಕಡೆಯವರೇ ಮಾಡಿಕೊಡುತ್ತಾರೆ.

ಓಪನ್ ವಾಟರ್ ಎಂಬ ಮೊದಲ ಹಂತದ ತರಬೇತಿ ಮುಗಿಸಿ, 18 ಮೀಟರ್‌ವರೆಗೆ ಹೋಗುವ ಅರ್ಹತೆ ಪಡೆದ ಮೇಲೂ ಹತ್ತಾರು ಡೈವ್‌ಗಳನ್ನು ಬರಿಗೈಯಲ್ಲಿ ಮಾಡುವುದು ಒಳ್ಳೆಯದು. ಮರಳಿನ ತಳದಿಂದ ಮೊಳದಷ್ಟು ಮೇಲೆ, ಕೈಕಾಲು ಆಡಿಸದೆ, ಏಳದೆ ಮುಳುಗದೆ ಒಂದು ನಿಮಿಷ ನಿಲ್ಲಲು ಸಾಧ್ಯವಾದರೆ ಕ್ಯಾಮೆರಾ ಹಿಡಿಯುವ ಸಮಯ ಬಂದಿದೆ ಎಂದು ತಿಳಿಯಬಹುದು. ಅದು ಬಾರದವರ ವಿಡಿಯೊ ಎಷ್ಟು ಬೆಲೆಯ ಕ್ಯಾಮೆರಾದಿಂದ ತೆಗೆದರೂ ತೊಟ್ಟಿಲಂತೆ ತೂಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸ್ಥಿರವಾಗಿ ನಿಲ್ಲಲಾರದವರು ಪರದೆಯನ್ನು ನೋಡುತ್ತ ಹವಳದ ಮೇಲೆ ಕೈಯೂರುತ್ತಾರೆ, ಫಿನ್‌ನಿಂದ ಒದೆಯುತ್ತಾರೆ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಮತ್ತು ಮುರಿದ ಗೇಣುದ್ದದ ಕೊಂಬೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಪರದೆಯಲ್ಲಿ ಮುಳುಗಿದವರು ತಮ್ಮ ಸಿಲಿಂಡರಿನ ಗಾಳಿ ಎಷ್ಟು ಉಳಿದಿದೆ, ಜೊತೆಗಾರ ಎಲ್ಲಿದ್ದಾನೆ ಎಂಬುದನ್ನೂ ಮರೆಯುತ್ತಾರೆ.

ಪ್ರಶ್ನೆ: ಮೊದಲು ಕ್ಯಾಮೆರಾ ಆರಿಸಬೇಕೋ, ಹೌಸಿಂಗ್ ಆರಿಸಬೇಕೋ?

ನಮ್ಮಲ್ಲಿ ಬಹುತೇಕರು ಮೊದಲು ಕ್ಯಾಮೆರಾ ಕೊಂಡು, ಆಮೇಲೆ ಅದಕ್ಕೆ ಹೌಸಿಂಗ್ ಹುಡುಕಲು ಹೊರಡುತ್ತಾರೆ. ಇದು ತಲೆಕೆಳಗಾದ ಕ್ರಮ. ಹೌಸಿಂಗ್ ಎಂದರೆ ಯಾವ ಕ್ಯಾಮೆರಾಕ್ಕಾದರೂ ತೊಡಿಸಬಹುದಾದ ಚೀಲವಲ್ಲ. ಒಂದು ಮಾದರಿಯ ಗುಂಡಿಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿಗೆ ಸರಿಯಾಗಿ ಅದರ ಗುಂಡಿ, ಸನ್ನೆಕೋಲು, ಹಲ್ಲಿನ ಚಕ್ರಗಳನ್ನು ಕೂರಿಸಿರುತ್ತಾರೆ. ಸೋನಿಯ ಎ7 3ಕ್ಕೆ ಮಾಡಿದ ಹೌಸಿಂಗ್‌ನಲ್ಲಿ ಎ7 4 ಕೂರುವುದಿಲ್ಲ, ಗೋಪ್ರೋ ಹೀರೊ 8ರ ಕವಚ ಹೀರೊ 9ಕ್ಕೆ ಆಗುವುದಿಲ್ಲ. ಆದ್ದರಿಂದ ಎಷ್ಟು ಆಳಕ್ಕೆ ಹೋಗುತ್ತೀರಿ, ಏನನ್ನು ಚಿತ್ರಿಸುತ್ತೀರಿ, ಅದು ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕ ಹೌಸಿಂಗ್ ಯಾವ ಮಾದರಿಗೆ ಸಿಗುತ್ತದೆ ಎಂದು ನೋಡಿ, ಕೊನೆಗೆ ಕ್ಯಾಮೆರಾಕ್ಕೆ ಹಣ ಕೊಡಬೇಕು. ಹಳೆಯ ಕ್ಯಾಮೆರಾ ಕೆಟ್ಟು ಅದೇ ಮಾದರಿ ಮಾರುಕಟ್ಟೆಯಲ್ಲಿ ಇಲ್ಲವಾದರೆ ದುಬಾರಿ ಹೌಸಿಂಗ್ ಕೂಡ ಅಟ್ಟ ಸೇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ: ನನ್ನ ಫೋನ್ ಐಪಿ68 ದರ್ಜೆಯದು. ಅದನ್ನೇ ಒಯ್ದರೆ ಸಾಲದೇ?

ಸಾಲದು. ಐಪಿ68 ಎಂಬುದು ನೀರು, ಧೂಳು ತಡೆಯುವ ದರ್ಜೆ; ಅದರ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಫೋನನ್ನು ಅಲುಗಾಡಿಸದೆ ಇಟ್ಟು. ಐಫೋನ್ 12 ಮತ್ತು ನಂತರದ ಹಲವು ಮಾದರಿಗಳಿಗೆ ಆಪಲ್ ಕಂಪನಿ ಹೇಳುವುದು 6 ಮೀಟರ್ ಆಳ, 30 ನಿಮಿಷ. ಅಷ್ಟಾಗಿಯೂ ನೀರಿನಿಂದಾದ ಹಾನಿಯನ್ನು ಅದರ ಖಾತರಿ ಒಳಗೊಳ್ಳುವುದಿಲ್ಲ. ನೀರೊಳಗೆ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. 20 ಮೀಟರಿನಲ್ಲಿ ನೆಲದ ಮೇಲಿನದರ ಮೂರು ಪಟ್ಟು. ಜೊತೆಗೆ ಒದ್ದೆಯಾದ ಸ್ಪರ್ಶ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಫೋನಿಗೆಂದೇ ತಯಾರಿಸಿದ ಗಟ್ಟಿ ಹೌಸಿಂಗ್‌ಗಳಿವೆ. ಸೀಲೈಫ್ ಕಂಪನಿಯ ಸ್ಪೋರ್ಟ್‌ಡೈವರ್ 40 ಮೀಟರ್‌ವರೆಗಿನದು. ಆದರೆ ಮನೆಯ ಲೆಕ್ಕ, ಬ್ಯಾಂಕು, ಮಕ್ಕಳ ಚಿತ್ರಗಳೆಲ್ಲ ಇರುವ ಫೋನನ್ನು ಒಂದು ರಬ್ಬರ್ ಬಳೆಯ ಭರವಸೆಯ ಮೇಲೆ ಸಮುದ್ರಕ್ಕಿಳಿಸಲು ನನಗಂತೂ ಮನಸ್ಸಾಗದು. ಕೊರಳಿಗೆ ತೂಗುಹಾಕುವ ಪ್ಲಾಸ್ಟಿಕ್ ಚೀಲಗಳು ಮಳೆಗೆ ಮತ್ತು ಜಲಪಾತಕ್ಕೆ ಮಾತ್ರ.

ಪ್ರಶ್ನೆ: ಆಕ್ಷನ್ ಕ್ಯಾಮೆರಾಗಳು ನೀರಿಗೆ ಹೆದರುವುದಿಲ್ಲವಲ್ಲ, ಅವಕ್ಕೂ ಹೌಸಿಂಗ್ ಬೇಕೇ?

ಗೋಪ್ರೋದಂಥ ಪುಟ್ಟ, ಗಟ್ಟಿಮುಟ್ಟಾದ ಕ್ಯಾಮೆರಾಗಳೇ ಆಕ್ಷನ್ ಕ್ಯಾಮೆರಾಗಳು. ಡೈವ್ ಮಾಡುವವರಿಗೆ ಹೌಸಿಂಗ್ ಬೇಕು. ಗೋಪ್ರೋ ಹೀರೊ 5ರಿಂದ ಈಚಿನ ಬ್ಲ್ಯಾಕ್ ಮಾದರಿಗಳು ಹೌಸಿಂಗ್ ಇಲ್ಲದೆ 10 ಮೀಟರ್ ತಾಳುತ್ತವೆ. ಡಿಜೆಐ ಕಂಪನಿಯ ಆಸ್ಮೊ ಆಕ್ಷನ್ 4 ಮಾದರಿ 18 ಮೀಟರ್, ಆಸ್ಮೊ ಆಕ್ಷನ್ 5 ಪ್ರೊ 20 ಮೀಟರ್ ತಾಳುತ್ತವೆ. ಇವುಗಳ ಮೇಲೆ ಕಂಪನಿಯದೇ ಹೌಸಿಂಗ್ ತೊಡಿಸಿದರೆ ಸಾಮಾನ್ಯವಾಗಿ 60 ಮೀಟರ್‌ವರೆಗೆ ಹೋಗಬಹುದು. ಮನರಂಜನಾ ಡೈವಿಂಗ್‌ನ ಗರಿಷ್ಠ ಮಿತಿ 40 ಮೀಟರ್ ಆದ್ದರಿಂದ ಅದು ಸಾಕಷ್ಟು ಅಂತರವನ್ನು ಬಿಡುತ್ತದೆ.

18 ಮೀಟರಿನ ಕ್ಯಾಮೆರಾವನ್ನು 17 ಮೀಟರಿಗೆ ಒಯ್ದರೆ ತಪ್ಪೇನು ಎಂದು ಹಾವೇರಿಯ ಮಿತ್ರರೊಬ್ಬರು ಕೇಳಿದ್ದರು. ಆ ಅಂಕಿ ಹೊಸ ಕ್ಯಾಮೆರಾದ್ದು. ಬ್ಯಾಟರಿಯ ಬಾಗಿಲಿನ ರಬ್ಬರು ಎರಡು ವರ್ಷ ತೆರೆದು ಮುಚ್ಚಿ ಸವೆದ ಮೇಲೆ, ಅಂಚಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಒಂದು ಬೀಜದಷ್ಟು ಮರಳು ಸಿಕ್ಕಿಕೊಂಡ ಮೇಲೆ, ಆ ಅಂಕಿಗೆ ಬೆಲೆಯಿಲ್ಲ. ಹೌಸಿಂಗ್ ಇದ್ದರೆ ನೀರಿಗೆ ಎರಡು ಬಾಗಿಲು. ಹೊರಗಿನದು ಸೋತರೂ ಒಳಗಿನದು ಸ್ವಲ್ಪ ಹೊತ್ತು ತಡೆಯುತ್ತದೆ. ದೋಣಿಯಿಂದ ಜಿಗಿಯುವಾಗಿನ ಹೊಡೆತವನ್ನು ತಾಳುವ ಕೆಲಸವೂ ಹೌಸಿಂಗಿನದೇ.

ಹೊಸದಾಗಿ ಆರಂಭಿಸುವ ನೂರಕ್ಕೆ ತೊಂಬತ್ತು ಜನರಿಗೆ ನಾನು ಹೇಳುವುದು ಇದನ್ನೇ: ಒಂದು ಆಕ್ಷನ್ ಕ್ಯಾಮೆರಾ, ಅದರ ಹೌಸಿಂಗ್, ಎರಡು ಕೈಗಳಿಂದ ಹಿಡಿಯಬಹುದಾದ ಅಡ್ಡ ಹಿಡಿಕೆಯ ಟ್ರೇ, ಒಂದು ಒಳ್ಳೆಯ ವಿಡಿಯೊ ದೀಪ. ಸೆಲ್ಫಿ ಕೋಲು ಬೇಡ. ಒಂದೇ ಕೈಯಲ್ಲಿ ಹಿಡಿದ ಕೋಲಿನ ತುದಿಯ ಕ್ಯಾಮೆರಾ ಪ್ರತಿ ಅಲೆಗೂ ತಲೆಯಾಡಿಸುತ್ತದೆ. ಎರಡು ಕೈಗಳ ಟ್ರೇ ಆ ಅಲುಗಾಟವನ್ನು ಅರ್ಧಕ್ಕಿಳಿಸುತ್ತದೆ.

ಪ್ರಶ್ನೆ: ಮದುವೆಗೆ ಬಳಸುವ ನಮ್ಮ ಮಿರರ್‌ಲೆಸ್ ಕ್ಯಾಮೆರಾವನ್ನೇ ನೀರೊಳಗೆ ಒಯ್ಯಬಹುದೇ?

ವೃತ್ತಿಯವರೆಲ್ಲ ಕೇಳುವ ಪ್ರಶ್ನೆ ಇದು, ನಾನೂ ಕೇಳಿದ್ದೆ. ಒಯ್ಯಬಹುದು, ಚಿತ್ರವೂ ಬಹಳ ಮೇಲಾಗಿರುತ್ತದೆ. ಬೆಳಕನ್ನು ಹಿಡಿಯುವ ದೊಡ್ಡ ಸೆನ್ಸರ್ ಮಂದ ಬೆಳಕಿನಲ್ಲಿ ಕಾಳುಕಾಳಾದ ಚುಕ್ಕೆಗಳನ್ನು ತರುವುದಿಲ್ಲ. 10 ಬಿಟ್‌ನಲ್ಲಿ, ಅಂದರೆ ಬಣ್ಣದ ಹೆಚ್ಚು ಛಾಯೆಗಳೊಂದಿಗೆ, ಚಿತ್ರಿಸಿದರೆ ಕಳೆದುಹೋದ ಕೆಂಪನ್ನು ಸಂಕಲನದಲ್ಲಿ ಸ್ವಲ್ಪ ಮಟ್ಟಿಗೆ ಮರಳಿ ತರಬಹುದು. ಆದರೆ ಖರ್ಚಿನ ಲೆಕ್ಕವನ್ನು ಕೂತು ಬರೆಯಿರಿ. ಹೌಸಿಂಗ್ ಒಂದು ಖರ್ಚು. ಅದರ ಮುಂದೆ ಪ್ರತಿ ಲೆನ್ಸಿಗೂ ತಕ್ಕ ಪೋರ್ಟ್ (ಲೆನ್ಸಿನ ಮುಂದಿನ ಪಾರದರ್ಶಕ ಕಿಟಕಿ), ಝೂಮ್ ತಿರುಗಿಸಲು ಹಲ್ಲಿನ ಬಳೆ, ಎರಡು ದೀಪ, ಅವುಗಳ ತೋಳುಗಳು, ತೂಕ ಸರಿದೂಗಿಸಲು ತೇಲುಬುರುಡೆಗಳು. ಅಲ್ಯೂಮಿನಿಯಮ್ ಹೌಸಿಂಗ್ ಅನೇಕ ಸಲ ಕ್ಯಾಮೆರಾದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದಾಗಿರುತ್ತದೆ, ಮತ್ತು ಹೊರದೇಶದಿಂದ ತರಿಸಿದರೆ ಆಮದು ಸುಂಕ ಬೇರೆ.

ಹೌಸಿಂಗ್‌ಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಹಾಂಗ್‌ಕಾಂಗ್‌ನ ನಾಟಿಕ್ಯಾಮ್‌ನಂಥ ಕಂಪನಿಗಳ ಅಲ್ಯೂಮಿನಿಯಮ್ ಹೌಸಿಂಗ್‌ಗಳು ಸಾಮಾನ್ಯವಾಗಿ 100 ಮೀಟರ್ ದರ್ಜೆಯವು. ಅವುಗಳ ಗುಂಡಿಗಳು ಬೆರಳಿಗೆ ಸಲೀಸಾಗಿ ಸಿಗುತ್ತವೆ. ಅಮೆರಿಕದ ಐಕೆಲೈಟ್ ಕಂಪನಿಯವು ಗಟ್ಟಿ ಪ್ಲಾಸ್ಟಿಕ್ಕಿನವು, ಹೆಚ್ಚಿನವು 60 ಮೀಟರಿನವು. ಹಿಂಭಾಗ ಪಾರದರ್ಶಕವಾಗಿರುವುದರಿಂದ ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್ ಸರಿಯಾಗಿ ಕೂತಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಈ ಗುಣವನ್ನು ನಾನು ಬಹಳ ಮೆಚ್ಚುತ್ತೇನೆ. ಚೀನಾದ ಸೀಫ್ರಾಗ್ಸ್‌ನಂಥವು ಕಡಿಮೆ ಬೆಲೆಯವು, ಬಹುಪಾಲು 40 ಮೀಟರಿನವು. ಅವುಗಳನ್ನು ಕೊಳ್ಳುವುದಾದರೆ ನಿರ್ವಾತ ಪರೀಕ್ಷೆಯ ಪಂಪನ್ನೂ ಜೊತೆಗೇ ಕೊಳ್ಳಬೇಕು. ಒಳಗಿನ ಗಾಳಿಯನ್ನು ಸ್ವಲ್ಪ ಹೊರಗೆಳೆದು, ಒತ್ತಡ ಹಾಗೆಯೇ ನಿಲ್ಲುತ್ತದೆಯೇ ಎಂದು ಅರ್ಧ ಗಂಟೆ ಕಾಯುವುದು ಈ ಪರೀಕ್ಷೆ. ಎಲ್ಲಿಯಾದರೂ ಕೂದಲೆಳೆಯಷ್ಟು ಸಂದಿದ್ದರೆ ನೀರಿಗಿಳಿಯುವ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು ವೃತ್ತಿಯವರಿಗೇ. ಮಾಗಿಯಿಂದ ಬೇಸಿಗೆಯವರೆಗೆ ಮದುವೆಯ ಕಾಲ, ನೇತ್ರಾಣಿಯಲ್ಲಿ ಡೈವಿಂಗ್ ನಡೆಯುವುದೂ ಮಳೆಗಾಲ ಬಿಟ್ಟು ಸುಮಾರಾಗಿ ಅಕ್ಟೋಬರಿನಿಂದ ಮೇವರೆಗೆ. ಭಾನುವಾರ ಉಪ್ಪುನೀರು ಕುಡಿದ ಕ್ಯಾಮೆರಾದಿಂದ ಬುಧವಾರದ ಅಕ್ಷತೆ ಚಿತ್ರಿಸಲಾಗದು. ದುಡಿಯುವ ಕ್ಯಾಮೆರಾವನ್ನೇ ನೀರಿಗಿಳಿಸುವುದಾದರೆ ಎರಡನೆಯದೊಂದು ಮನೆಯಲ್ಲಿರಲಿ.

ಪ್ರಶ್ನೆ: ಆಕ್ಷನ್ ಕ್ಯಾಮೆರಾ, ದೊಡ್ಡ ಕ್ಯಾಮೆರಾ ಇವೆರಡರ ನಡುವಿನ ದಾರಿ ಇಲ್ಲವೇ?

ಇದೆ. ಒಲಿಂಪಸ್ ಟಫ್ ಟಿಜಿ-6 ಮತ್ತು ಅದರ ನಂತರ 2023ರಲ್ಲಿ ಓಎಂ ಸಿಸ್ಟಮ್ ಹೆಸರಿನಲ್ಲಿ ಬಂದ ಟಿಜಿ-7 ಎಂಬ ಪುಟ್ಟ ಕ್ಯಾಮೆರಾಗಳು ಹೌಸಿಂಗ್ ಇಲ್ಲದೆ 15 ಮೀಟರ್, ಹೌಸಿಂಗ್ ಇದ್ದರೆ 45 ಮೀಟರ್ ಹೋಗುತ್ತವೆ. ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಹಿಡಿಯುವುದರಿಂದ ಬಂಡೆಯ ಮೇಲೆ ತೆವಳುವ ಚಿಪ್ಪಿಲ್ಲದ ಕಡಲಬಸವನ ಹುಳು, ಸೀಗಡಿಗಳಂಥ ಸಣ್ಣ ಜೀವಿಗಳಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ವಿಶಾಲ ನೋಟಕ್ಕೆ ಮಾತ್ರ ಆಕ್ಷನ್ ಕ್ಯಾಮೆರಾವೇ ವಾಸಿ.

ಪ್ರಶ್ನೆ: ಚಪ್ಪಟೆ ಪೋರ್ಟ್ ಮತ್ತು ಡೋಮ್ ಪೋರ್ಟ್‌ಗಳಲ್ಲಿ ಯಾವುದನ್ನು ಆರಿಸಬೇಕು?

ತುಂಬಿದ ತಂಬಿಗೆಯಲ್ಲಿ ಬಿದ್ದ ನಾಣ್ಯ ಮೇಲೆದ್ದಂತೆ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಆಗಿರುವುದರಿಂದ, ಬೆಳಕು ನೀರಿನಿಂದ ಗಾಜು ದಾಟಿ ಹೌಸಿಂಗ್‌ನೊಳಗಿನ ಗಾಳಿಗೆ ಬರುವಾಗ ಬಾಗುತ್ತದೆ. ಪೋರ್ಟ್ ಚಪ್ಪಟೆಯಾಗಿದ್ದರೆ ನೀರೊಳಗಿನ ವಸ್ತುಗಳು ಇರುವುದಕ್ಕಿಂತ ಹತ್ತಿರದಲ್ಲಿ, ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಲೆನ್ಸಿನ ನೋಟದ ಅಗಲ ಅಷ್ಟೇ ಕಿರಿದಾಗುತ್ತದೆ. ನೆಲದ ಮೇಲೆ 90 ಡಿಗ್ರಿ ನೋಡುವ ಲೆನ್ಸು ಚಪ್ಪಟೆ ಗಾಜಿನ ಹಿಂದೆ ನೀರಿನಲ್ಲಿ ಸುಮಾರು 64 ಡಿಗ್ರಿಯಷ್ಟನ್ನೇ ನೋಡುತ್ತದೆ, ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ. ಸಣ್ಣ ಜೀವಿಗಳನ್ನು ದೊಡ್ಡದಾಗಿ ತೋರಿಸಬೇಕಾದಾಗ ಇದೇ ದೋಷ ಉಪಕಾರವಾಗುತ್ತದೆ, ಆದ್ದರಿಂದ ಮ್ಯಾಕ್ರೊ ಲೆನ್ಸಿಗೆ ಚಪ್ಪಟೆ ಪೋರ್ಟ್ ಸರಿ.

ವಿಶಾಲ ಲೆನ್ಸಿಗೆ ಅರ್ಧಗೋಲದ ಡೋಮ್ ಬೇಕು. ಅದರ ಬಾಗಿದ ಮೈಯನ್ನು ಬೆಳಕಿನ ಕಿರಣಗಳು ನೇರವಾಗಿ ತಾಗುವುದರಿಂದ ನೋಟದ ಅಗಲ ಉಳಿಯುತ್ತದೆ. ಆದರೆ ಡೋಮ್ ತಾನೇ ಒಂದು ಮಸೂರದಂತೆ ವರ್ತಿಸಿ, ದೂರದ ದೃಶ್ಯದ ಮಿಥ್ಯಾಬಿಂಬವನ್ನು ತನ್ನ ಮುಂದೆ ಬಹಳ ಹತ್ತಿರದಲ್ಲಿಯೇ ಮೂಡಿಸುತ್ತದೆ. ಹತ್ತು ಮೀಟರ್ ಆಚೆಯ ಆಮೆಯನ್ನು ಚಿತ್ರಿಸುತ್ತಿದ್ದರೂ ಲೆನ್ಸು ಫೋಕಸ್ ಮಾಡುವುದು ಮೊಳಕ್ಕಿಂತ ಹತ್ತಿರದ ಆ ಬಿಂಬದ ಮೇಲೆ. ಹತ್ತಿರ ಫೋಕಸ್ ಮಾಡಲಾಗದ ಲೆನ್ಸನ್ನು ಡೋಮ್ ಹಿಂದೆ ಕೂರಿಸಿ, ಎಲ್ಲವೂ ಮಬ್ಬಾಗಿದೆ ಎಂದು ಹೌಸಿಂಗನ್ನು ಬೈಯುವವರು ಈ ಸಂಗತಿಯನ್ನು ಗಮನಿಸಿರುವುದಿಲ್ಲ. ಅರ್ಧ ನೀರು, ಅರ್ಧ ಆಕಾಶ ಕಾಣುವ ದೃಶ್ಯಕ್ಕೂ ದೊಡ್ಡ ಡೋಮ್ ಬೇಕು. ಡೋಮ್‌ಗೆ ಗೀರು ಬೇಗ ಬೀಳುತ್ತದೆ. ನೀರಿಗಿಳಿಯುವ ಕ್ಷಣದವರೆಗೂ ಅದರ ಟೊಪ್ಪಿಗೆ ತೆಗೆಯಬೇಡಿ.

ಪ್ರಶ್ನೆ: ನಮ್ಮ ವಿಡಿಯೊ ಏಕೆ ಪೂರ್ತಿ ಹಸಿರು ಅಥವಾ ನೀಲಿಯಾಗಿರುತ್ತದೆ?

ನೀರು ಬೆಳಕನ್ನು ಕುಡಿಯುತ್ತದೆ, ಮೊದಲು ಕುಡಿಯುವುದು ಕೆಂಪನ್ನು. ಸುಮಾರು 5 ಮೀಟರಿನಲ್ಲಿ ಕೆಂಪು ಬಹುಪಾಲು ಮಾಯವಾಗುತ್ತದೆ, ಇನ್ನೂ ಕೆಳಗೆ ಕಿತ್ತಳೆ, ಆಮೇಲೆ ಹಳದಿ. ಎಷ್ಟೋ ಜನರು ಮರೆಯುವ ವಿಷಯವೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಆಳವೊಂದೇ ಅಲ್ಲ, ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದಾರಿ. 5 ಮೀಟರ್ ಆಳದಲ್ಲಿ ನಿಂತು 5 ಮೀಟರ್ ದೂರದ ಮೀನನ್ನು ಚಿತ್ರಿಸಿದರೆ ಬೆಳಕು 10 ಮೀಟರ್ ನೀರನ್ನು ದಾಟಿರುತ್ತದೆ. ಹಾಗಾಗಿ ಬಣ್ಣ ಉಳಿಸಿಕೊಳ್ಳಲು ಮೊದಲ ಉಪಾಯ ಹತ್ತಿರ ಹೋಗುವುದು, ಎರಡನೆಯ ಉಪಾಯ ಇನ್ನೂ ಹತ್ತಿರ ಹೋಗುವುದು. ಝೂಮ್ ಮಾಡಿದರೆ ವಸ್ತು ದೊಡ್ಡದಾಗುತ್ತದೆ, ನಡುವಿನ ನೀರು ಕಡಿಮೆಯಾಗುವುದಿಲ್ಲ.

ಆಮೇಲೆ ಫಿಲ್ಟರ್. ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಕೆನ್ನೇರಳೆ ಛಾಯೆಯ ಮೆಜೆಂಟಾ ಫಿಲ್ಟರ್. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಕೆಂಪು ಒಪ್ಪುತ್ತದೆ; ನಮ್ಮ ಕರಾವಳಿಯ ನೀರು ಪ್ಲವಕಗಳೆಂಬ ತೇಲುವ ಸೂಕ್ಷ್ಮಜೀವಿಗಳಿಂದಾಗಿ ಹಸಿರಿಗೆ ವಾಲಿದ ದಿನ ಕೆಂಪು ಫಿಲ್ಟರ್ ಹಾಕಿದರೆ ದೃಶ್ಯವೆಲ್ಲ ಹುಣಸೆಹಣ್ಣಿನ ಸಾರಿನಂತೆ ಕಾಣುತ್ತದೆ. ಫಿಲ್ಟರ್ ಬೆಳಕನ್ನೂ ತಿನ್ನುವುದರಿಂದ 20 ಮೀಟರಿಗಿಂತ ಕೆಳಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಮತ್ತು ದೀಪ ಹಚ್ಚಿದಾಗ ಫಿಲ್ಟರ್ ತೆಗೆಯಲೇಬೇಕು. ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವುದನ್ನು, ಕೈಯಾರೆ ಹೊಂದಿಸುವ ಸೌಲಭ್ಯವಿದ್ದರೆ ಬಿಳಿ ಸ್ಲೇಟನ್ನು ಜೇಬಿನಲ್ಲಿ ಒಯ್ದು, ಪ್ರತಿ ನಾಲ್ಕೈದು ಮೀಟರ್ ಇಳಿದಾಗಲೂ ಅದನ್ನು ಚಿತ್ರದ ತುಂಬ ಹಿಡಿದು ಹೊಂದಿಸಿಕೊಳ್ಳಿ. ಹೌಸಿಂಗ್ ಆರಿಸುವಾಗ ಆ ಗುಂಡಿ ಹೊರಗಿನಿಂದ ಸಿಗುತ್ತದೆಯೇ ಎಂದು ನೋಡಬೇಕಾದ್ದು ಇದಕ್ಕಾಗಿಯೇ.

ಪ್ರಶ್ನೆ: ದೀಪ ಎಷ್ಟು ಲ್ಯೂಮೆನ್‌ನದಿರಬೇಕು?

ಒಟ್ಟು ಬೆಳಕು ಎಷ್ಟೆಂದು ಹೇಳುವ, ಡಬ್ಬಿಯ ಮೇಲಿನ ಲ್ಯೂಮೆನ್ ಅಂಕಿಗಿಂತ ಬೆಳಕು ಹರಡುವ ಕೋನ ಮುಖ್ಯ. ಮದುವೆ ಮನೆಯ ಫೋಕಸ್ ಲೈಟಿನಂತೆ ನಡುವೆ ಚುಚ್ಚುವ ಬೆಳಕು ಬೇಡ, 100 ಡಿಗ್ರಿಯ ಆಸುಪಾಸಿನಲ್ಲಿ ಸಮನಾಗಿ ಹರಡುವುದು ಬೇಕು. ಎಷ್ಟೇ ಪ್ರಬಲವಾಗಿದ್ದರೂ ದೀಪ ಬಣ್ಣ ಮರಳಿಸುವುದು ಹೆಚ್ಚೆಂದರೆ ಮಾರುದ್ದದ ದೂರದವರೆಗೆ. ದೀಪವನ್ನು ಲೆನ್ಸಿನ ಪಕ್ಕದಲ್ಲೇ ಕಟ್ಟಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಆಷಾಢದ ಜಿಟಿಜಿಟಿ ಮಳೆಯಲ್ಲಿ ಸ್ಕೂಟರಿನ ದೀಪ ಹಚ್ಚಿದಂತಾಗುತ್ತದೆ. ತೋಳುಗಳಿಂದ ಎರಡು ಬದಿಗೆ ದೂರವಿಟ್ಟು, ಸ್ವಲ್ಪ ಹೊರಮುಖವಾಗಿ ತಿರುಗಿಸಿ, ಬೆಳಕಿನ ಅಂಚು ಮಾತ್ರ ವಸ್ತುವಿಗೆ ತಾಗುವಂತೆ ಮಾಡಬೇಕು.

ಪ್ರಶ್ನೆ: ಓ-ರಿಂಗ್ ಎಂಬುದಕ್ಕೆ ಇಷ್ಟೊಂದು ಆರೈಕೆ ನಿಜಕ್ಕೂ ಬೇಕೇ?

ಹೌಸಿಂಗ್‌ನ ಎರಡು ಹೋಳುಗಳ ನಡುವೆ ಕೂರುವ ಈ ರಬ್ಬರ್ ಬಳೆಯೇ ಹೌಸಿಂಗ್. ಉಳಿದದ್ದು ಅದರ ಚೌಕಟ್ಟು. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ಹೋಳುಗಳನ್ನು ಅದುಮಿ ಬಳೆಯನ್ನು ಬಿಗಿ ಮಾಡುತ್ತದೆ. ಆದ್ದರಿಂದ ಹೆಚ್ಚಿನ ಸೋರಿಕೆ ಆಗುವುದು ಆಳದಲ್ಲಲ್ಲ, ಮೊದಲ ಒಂದೆರಡು ಮೀಟರಿನಲ್ಲಿ ಮತ್ತು ದೋಣಿಯ ಪಕ್ಕ ತೇಲುತ್ತಿರುವಾಗ.

ನನ್ನ ಮೊದಲ ಹೌಸಿಂಗ್ ಹಾಗೆಯೇ ಸೋರಿತು. ತಪ್ಪು ನನ್ನದೇ. ದೋಣಿಯಲ್ಲಿ ಬ್ಯಾಟರಿ ಬದಲಿಸಿ, ಒದ್ದೆ ಬಳೆಯನ್ನು ಹೆಗಲ ಮೇಲಿದ್ದ ಹತ್ತಿಯ ಟವೆಲಿನಿಂದ ಒರೆಸಿದ್ದೆ. ಅದರ ಒಂದೇ ಒಂದು ಎಳೆ ಬಳೆಗೆ ಅಡ್ಡಲಾಗಿ ಅಂಟಿಕೊಂಡಿತ್ತು, ಆ ಎಳೆಯ ದಾರಿಯಲ್ಲೇ ನೀರು ಒಳಬಂದಿತ್ತು. ಹತ್ತಿ ಬೆಳೆಯುವ ಸೀಮೆಯಿಂದ ಹೋದವನಿಗೆ ಹತ್ತಿಯೇ ಮುಳುವಾಯಿತು ಎಂದು ಜೊತೆಗಾರರು ಇಂದಿಗೂ ನಗುತ್ತಾರೆ. ಅಂದಿನಿಂದ ಎಳೆ ಬಿಡದ ಮೈಕ್ರೊಫೈಬರ್ ಬಟ್ಟೆಯೊಂದನ್ನೇ ಬಳಸುತ್ತಿದ್ದೇನೆ, ಮತ್ತು ದೋಣಿಯಲ್ಲಿ ಹೌಸಿಂಗ್ ತೆರೆಯುವುದನ್ನು ಬಿಟ್ಟಿದ್ದೇನೆ.

ಹಿಂದಿನ ರಾತ್ರಿ, ಫ್ಯಾನ್ ಆರಿಸಿ, ಒಳ್ಳೆಯ ಬೆಳಕಿನಲ್ಲಿ ಕೂತು ಬಳೆಯನ್ನು ಬೆರಳಿನಿಂದಲೇ ತೆಗೆಯಿರಿ. ಪಿನ್ನು, ಚಾಕು ಮುಟ್ಟಿಸಬೇಡಿ. ಬೆರಳುಗಳ ನಡುವೆ ಎಳೆದುಕೊಳ್ಳುತ್ತ ಹೋದರೆ ಕಣ್ಣಿಗೆ ಕಾಣದ ಮರಳು, ಸೀಳು ಸ್ಪರ್ಶಕ್ಕೆ ಸಿಗುತ್ತದೆ. ಹೌಸಿಂಗ್‌ನ ಕಂಪನಿ ಹೇಳಿದ ಸಿಲಿಕೋನ್ ಗ್ರೀಸನ್ನೇ, ಬಳೆ ಮಿನುಗುವಷ್ಟು ಮಾತ್ರ ಸವರಿ. ಗ್ರೀಸ್ ನೀರನ್ನು ತಡೆಯುವುದಿಲ್ಲ, ಬಳೆ ಜಾರಿ ಸರಿಯಾಗಿ ಕೂರಲು ನೆರವಾಗುತ್ತದೆ ಅಷ್ಟೇ. ಹೆಚ್ಚಾದರೆ ಧೂಳನ್ನು ಕರೆದು ಕೂರಿಸುತ್ತದೆ. ಸಿಲಿಕೋನ್ ಬಳೆಗೆ ಒಪ್ಪದ ಗ್ರೀಸ್ ಹಚ್ಚಿದರೆ ಅದು ಉಬ್ಬಿ ಕೆಡುತ್ತದೆ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಬೇಡವೇ ಬೇಡ.

ಡೈವ್ ಮುಗಿದ ಮೇಲೆ ಹೌಸಿಂಗನ್ನು ಒಣಗಲು ಬಿಡದೆ ಸಿಹಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ನೀರೊಳಗೇ ಪ್ರತಿ ಗುಂಡಿಯನ್ನೂ ಹತ್ತಾರು ಸಲ ಒತ್ತಬೇಕು. ಉಪ್ಪು ಒಣಗಿ ಹರಳಾದರೆ ಗುಂಡಿಯ ಸಣ್ಣ ಬಳೆಗಳನ್ನು ಕೊಯ್ಯುತ್ತದೆ. ಗದಗಿನ ಕಡೆಯ ಸವಳು ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಪೋರ್ಟಿನ ಮೇಲೆ ಬಿಳಿಯ ಕಲೆ ಕೂರುತ್ತದೆ. ಕೊನೆಯ ಜಾಲಾಟವನ್ನು ಕುಡಿಯುವ ನೀರಿನಲ್ಲಿ ಮಾಡಿ, ನೆರಳಿನಲ್ಲಿ ಒಣಗಿಸಿ.

ಪ್ರಶ್ನೆ: ಡೈವ್‌ನ ಮಧ್ಯದಲ್ಲಿ ಗಾಜಿನ ಒಳಗೆ ಮಂಜು ಕವಿಯುತ್ತದೆ, ಏನು ಮಾಡಬೇಕು?

ಕರಾವಳಿಯ ತೇವದ ಗಾಳಿಯನ್ನು ಒಳಗೆ ಮುಚ್ಚಿ, ಹೌಸಿಂಗನ್ನು ದೋಣಿಯ ಬಿಸಿಲಿನಲ್ಲಿ ಕಾಯಿಸಿ, ತಟ್ಟನೆ ತಂಪು ನೀರಿಗಿಳಿಸಿದರೆ ಆ ತೇವ ಗಾಜಿನ ಮೇಲೆಯೇ ಇಳಿಯಬೇಕು. ತಂಪಾದ ಎಸಿ ಕೋಣೆಯಲ್ಲಿ ಮುಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪಟ್ಟಿಯನ್ನು ಬಳೆಗೆ ತಾಗದಂತೆ ಒಳಗಿಟ್ಟು, ದೋಣಿಯಲ್ಲಿ ಒದ್ದೆ ಬಟ್ಟೆ ಹೊದಿಸಿಟ್ಟರೆ ಸಾಕು.

ಪ್ರಶ್ನೆ: ಹೌಸಿಂಗನ್ನು ಮನೆಯಲ್ಲೇ ಮುಚ್ಚಿಕೊಂಡು ಮುರುಡೇಶ್ವರಕ್ಕೆ ಒಯ್ಯಬಹುದೇ?

ಬೇಡ, ಇದಕ್ಕೆ ನಮ್ಮ ಊರಿನ ಎತ್ತರ ಕಾರಣ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲತೀರದ್ದಕ್ಕಿಂತ ಸುಮಾರು ಶೇಕಡಾ 8ರಷ್ಟು ಕಡಿಮೆ. ಇಲ್ಲಿ ಮುಚ್ಚಿದ ಹೌಸಿಂಗ್ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆ ತಲುಪುವ ಹೊತ್ತಿಗೆ ಹೊರಗಿನ ಗಾಳಿ ಅದನ್ನು ಅದುಮಿ, ತೆರೆಯುವುದೇ ಕಷ್ಟವಾಗುತ್ತದೆ. ಪ್ರಯಾಣದಲ್ಲಿ ಚಿಲಕ ಹಾಕದೆ, ಬಳೆಯನ್ನು ಸಣ್ಣ ಡಬ್ಬಿಯಲ್ಲಿಟ್ಟು ಒಯ್ಯಿರಿ. ನಿರ್ವಾತ ಪರೀಕ್ಷೆಯನ್ನೂ ತೀರದಲ್ಲೇ ಮಾಡಿ.

ಇದೇ ಎತ್ತರ ದೇಹಕ್ಕೂ ಅನ್ವಯಿಸುತ್ತದೆ, ಕ್ಯಾಮೆರಾದ ಮಾತಲ್ಲದಿದ್ದರೂ ಹೇಳದಿರಲಾರೆ. ಡೈವ್ ಮಾಡಿದ ನಂತರ ವಿಮಾನ ಹತ್ತಲು ಕಾಯಬೇಕಾದ ಅವಧಿಯ ಬಗ್ಗೆ ಡೈವರ್‌ಗಳ ಸುರಕ್ಷತೆಗಾಗಿ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ನೀಡಿರುವ ಸಲಹೆ 610 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ. ಹುಬ್ಬಳ್ಳಿ, ಧಾರವಾಡಗಳೆರಡೂ ಆ ಎತ್ತರಕ್ಕಿಂತ ಮೇಲಿವೆ. ಆದ್ದರಿಂದ ಅಂದೇ ಸಂಜೆ ಘಟ್ಟ ಹತ್ತುವ ಅವಸರ ಬಿಟ್ಟು, ರಾತ್ರಿ ತೀರದಲ್ಲೇ ತಂಗುವುದು ವಿವೇಕ. ಆ ಬಿಡುವಿನಲ್ಲಿ ಹೌಸಿಂಗ್ ತೊಳೆಯುವ ಕೆಲಸವೂ ನೆಟ್ಟಗೆ ಆಗುತ್ತದೆ.

ಪ್ರಶ್ನೆ: ಸಮುದ್ರಕ್ಕೆ ಹೋಗುವ ಮೊದಲು ಊರಲ್ಲಿ ಹೇಗೆ ಪರೀಕ್ಷಿಸುವುದು?

ಕ್ಯಾಮೆರಾ ಇಡದೆ, ಒಳಗೊಂದು ಟಿಶ್ಯೂ ಕಾಗದ ಹಾಕಿ ಮುಚ್ಚಿ, ತುಂಬಿದ ಬ್ಯಾರೆಲ್‌ನಲ್ಲಿ ಕಲ್ಲು ಕಟ್ಟಿ ಒಂದು ಗಂಟೆ ಮುಳುಗಿಸಿಡಿ. ಹೆಚ್ಚಿನ ಸೋರಿಕೆ ಕಡಿಮೆ ಆಳದಲ್ಲೇ ಆಗುವುದರಿಂದ ಬ್ಯಾರೆಲ್ಲಿನ ಪರೀಕ್ಷೆಯನ್ನು ಹಗುರವಾಗಿ ಕಾಣಬೇಕಿಲ್ಲ. ಆಮೇಲೆ ಈಜುಕೊಳದಲ್ಲಿ ಗುಂಡಿಗಳ ಅಭ್ಯಾಸ ಮಾಡಿ. ಉಣಕಲ್ ಕೆರೆ, ವರದಾ, ತುಂಗಭದ್ರೆಗಳ ಮಣ್ಣುನೀರಿನಲ್ಲಿ ಚಿತ್ರ ಬರುವುದಿಲ್ಲ, ಬಾವಿಗೆ ಒಬ್ಬರೇ ಇಳಿಯುವುದು ಅಪಾಯ.

ಪ್ರಶ್ನೆ: ಮೆಮೊರಿ ಕಾರ್ಡ್, ಬ್ಯಾಟರಿ?

ವಿ30 ಎಂಬ ವೇಗದ ದರ್ಜೆಯ ಕಾರ್ಡ್ ಸಾಕು. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ. ಪ್ರತಿ ಡೈವ್‌ಗೆ ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು.

ಪ್ರಶ್ನೆ: ಕ್ಯಾಮೆರಾ ಕೈಜಾರಿದರೆ?

ಸುರುಳಿ ಹಗ್ಗ ಮತ್ತು ಲೋಹದ ಕೊಂಡಿಯಿಂದ ಜಾಕೆಟ್ಟಿಗೆ ಸಿಕ್ಕಿಸಿರಬೇಕು. ಪೂರ್ತಿ ಸಜ್ಜು ನೀರಿನಲ್ಲಿ ಕೂದಲೆಳೆಯಷ್ಟು ಭಾರವಾಗಿದ್ದರೆ ಕೈ ಸೋಲುವುದಿಲ್ಲ. ಮೇಲಕ್ಕೆ ಎಳೆಯುವಷ್ಟು ತೇಲುಬುರುಡೆ ಕಟ್ಟಿದರೆ ಕ್ಯಾಮೆರಾದ ಜೊತೆ ನೀವೂ ಮೇಲೇಳುವ ಅಪಾಯವಿದೆ.

ಪ್ರಶ್ನೆ: ಆಳದಲ್ಲಿರುವಾಗಲೇ ಒಳಗೆ ನೀರು ಕಂಡರೆ ಏನು ಮಾಡಬೇಕು?

ಗುಳ್ಳೆಗಳ ಸಾಲು ಅಥವಾ ತಳದಲ್ಲಿ ನೀರು ಕಂಡೊಡನೆ ಕ್ಯಾಮೆರಾ ಆರಿಸಿ, ನೀರು ಲೆನ್ಸಿನ ಮುಂದೆ ಖಾಲಿ ಜಾಗದಲ್ಲಿ ನಿಲ್ಲುವಂತೆ ಪೋರ್ಟನ್ನು ಕೆಳಮುಖವಾಗಿ ಹಿಡಿಯಿರಿ. ಜೊತೆಗಾರನಿಗೆ ಸನ್ನೆ ಮಾಡಿ, ಎಂದಿನ ನಿಧಾನದಲ್ಲೇ ಏರಿ, 5 ಮೀಟರಿನಲ್ಲಿ ಮೂರು ನಿಮಿಷದ ಸುರಕ್ಷತಾ ತಂಗುವಿಕೆಯನ್ನು ಪೂರೈಸಿಯೇ ಮೇಲೆ ಬನ್ನಿ. ಕ್ಯಾಮೆರಾ ಉಳಿಸಲು ಧಾವಿಸಿ ಏರಿದವರ ಶ್ವಾಸಕೋಶಕ್ಕಾಗುವ ಹಾನಿಗೆ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ. ದೋಣಿಯಲ್ಲಿ ಹೌಸಿಂಗನ್ನು ಮುಖದಿಂದ ದೂರ ಹಿಡಿದು ಮೆಲ್ಲಗೆ ತೆರೆಯಿರಿ, ಏಕೆಂದರೆ ಒಳಗೆ ಒತ್ತಡ ಉಳಿದಿರಬಹುದು ಮತ್ತು ಉಪ್ಪುನೀರು ತಾಗಿದ ಲಿಥಿಯಂ ಬ್ಯಾಟರಿ ಕಾದು ಅನಿಲ ಬಿಟ್ಟಿರಬಹುದು. ಬ್ಯಾಟರಿ, ಕಾರ್ಡ್ ತೆಗೆದು, ಬ್ಯಾಟರಿಯನ್ನು ಬೇರೆ ಚೀಲಗಳಿಂದ ದೂರವಿಡಿ. ಅದನ್ನು ಮತ್ತೆ ಚಾರ್ಜ್ ಮಾಡಬೇಡಿ. ಕಾರ್ಡನ್ನು ಸಿಹಿನೀರಿನಲ್ಲಿ ಅದ್ದಿ ಒಣಗಿಸಿದರೆ ಅದರಲ್ಲಿರುವ ವಿಡಿಯೊ ಬಹುತೇಕ ಉಳಿಯುತ್ತದೆ. ಕ್ಯಾಮೆರಾವನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದರಿಂದ ಉಪ್ಪು ಹೊರಬರುವುದಿಲ್ಲ. ಆನ್ ಮಾಡಿ ನೋಡುವ ಆಸೆಯನ್ನು ತಡೆದು, ಆದಷ್ಟು ಬೇಗ ಬಿಚ್ಚಿ ಸ್ವಚ್ಛಗೊಳಿಸಬಲ್ಲ ರಿಪೇರಿಯವರ ಕೈಗೆ ಕೊಡಿ, ಮತ್ತು ಒಳಹೊಕ್ಕದ್ದು ಸಮುದ್ರದ ನೀರು ಎಂದು ಅವರಿಗೆ ಮುಚ್ಚಿಡದೆ ಹೇಳಿ.